ಐರ್ಲೆಂಡಿನಲ್ಲಿ ನಿಂತು ಹಾಲು ಕರೆಸಿದ್ದು

ಐರ್ಲೆಂಡಿನಿಂದ ಹೊರಡಲು ಇನ್ನು ನಾಲ್ಕು ದಿನ ಇದೆ ಅನ್ನುವಾಗ ಊರಿನಲ್ಲಿ ನಮ್ಮ ಹಸು ಕರು ಹಾಕಿತು. ನಾನು ಹಾಕಿದ್ದ ಲೆಕ್ಕಕ್ಕೆ ಇನ್ನೂ ಹತ್ತು ದಿನ ಬಾಕಿ ಇತ್ತು. ನಾನು ಹೋಗಿ, ಕೈಕಾಲು ತೊಳೆದುಕೊಂಡು, ಕೊಟ್ಟಿಗೆ ಗುಡಿಸಿಕೊಂಡು ಕೂತ ಮೇಲೆ ಅದು ಹಾಕಬೇಕಿತ್ತು. ಹಸುವಿಗೆ ಟಿಕೆಟ್ಟು ತೋರಿಸಿ ಬಂದಿರಲಿಲ್ಲವಲ್ಲ.

ನನ್ನ ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಬಾ ಬಾ ಅಂತ ಮೂರು ವರ್ಷ ಪ್ರಾಣ ತಿಂದ ಮೇಲೆ ಮಗನ ಜೊತೆ ಹೊರಟಿದ್ದೆ. ಮಗನಿಗೆ ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ. ಅಳಿಯನಿಗೆ ರಜ ಸಿಕ್ಕಲಿಲ್ಲ ಅಂತ ಅವನು ಮನೆಯಲ್ಲೇ ಉಳಿದ. ಕಡೆಯ ವಾರ ನಾವು ಮೂವರೇ ಸಮುದ್ರದ ಕಡೆ ಒಂದು ಬಾಡಿಗೆ ಮನೆ ಹಿಡಿದು ಸುತ್ತುವುದು ಅಂತ ಮಗಳು ಪಟ್ಟಿ ಬರೆದಿಟ್ಟಿದ್ದಳು. ಹಸುವನ್ನು ಓರಗಿತ್ತಿಗೆ ಒಪ್ಪಿಸಿ ಬಂದಿದ್ದೆ. ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಕೆ.ಆರ್. ಪೇಟೆಯ ಹತ್ತಿರದ ಹಳ್ಳಿಯಲ್ಲಿ ಅವರದೂ ನಮ್ಮದೂ ಒಂದೇ ಗೋಡೆಯ ಆಚೆ ಈಚೆ ಮನೆ.

ಭಾನುವಾರ ಬೆಳಿಗ್ಗೆ ಟೀ ಕುಡಿಯುತ್ತಿರುವಾಗ ಮೈದುನ ಫೋನು ಮಾಡಿದ.

"ಅತ್ಗೆ, ಹೆಣ್ಗರು ಕಣತ್ಗೆ. ಮಾಸು, ಕಸ ಎಲ್ಲಾ ಬಿತ್ತು. ಕರು ಎದ್ದು ಆಲೂ ಕುಡೀತು."

"ಮತ್ಯಾಕ್ಲಾ ಅಂಗೆ ಅಳೋ ದನೀಲಿ ಏಳ್ತಿದ್ದೀಯ?"

"ಇವ್ಳುನ್ನ ಅತ್ರುಕ್ಕೇ ಬುಡ್ತಿಲ್ಲ ಅಸ. ಬಕೀಟು ಒದ್ದು ಸೊಟ್ಟ ಮಾಡ್ಬುಡ್ತು."

ನಮ್ಮದು ಕರಿ ಬಿಳಿ ಸೀಮೆ ಹಸು. ಕರು ಕುಡಿದು ಮುಗಿಸುವಷ್ಟು ಹಾಲಲ್ಲ ಅದರದು. ಉಳಿದದ್ದನ್ನು ಎರಡು ಹೊತ್ತೂ ಕರೆದು ಖಾಲಿ ಮಾಡದಿದ್ದರೆ ಕೆಚ್ಚಲು ಕಲ್ಲಾಗಿ ಬಾವು ಬರುತ್ತದೆ. ಹೋದ ಸಲ ಕರು ಹಾಕಿದಾಗ ನಾನು ಜ್ವರ ಬಂದು ಮಲಗಿದ್ದ ನಾಲ್ಕೇ ದಿನದಲ್ಲಿ ಒಂದು ಮೊಲೆ ಬತ್ತಿಹೋಯಿತು. ಉಳಿದಿರುವುದು ಮೂರು. ಇನ್ನೊಂದು ಹೋದರೆ ಅದನ್ನು ಕಟ್ಟಿಕೊಂಡು ಮೇವು ಹಾಕುವಷ್ಟು ಧರ್ಮಾತ್ಮಳು ನಾನಲ್ಲ, ಸಂತೆಗೆ ಹೊಡೆಯಬೇಕಾಗುತ್ತದೆ. ಹೊಡೆಯಲು ಮನಸ್ಸೂ ಇಲ್ಲ. ನಾಲ್ಕು ದಿನ ಆ ಕೆಚ್ಚಲು ಹೇಗಾದರೂ ಉಳಿಯಬೇಕಿತ್ತು.

ಮಗಳಿಗೆ ಹೇಳಿದೆ. ಅವಳು ಪಟ್ಟಿ ನೋಡಿದಳು. "ಚಿಕ್ಕವ್ವ ಎಂಗೋ ನೋಡ್ಕತಳೆ ಬುಡವ್ವ. ಇವತ್ತು ಕೋಟೆಗೆ ಟಿಕೆಟ್ ಮಾಡ್ಸಿವ್ನಿ."

ಹೋದೆವು. ಮಳೆ. ಅಲ್ಲಿ ಮಳೆ ಅಂದರೆ ಬಂದು ಹೋಗುವುದಲ್ಲ, ಮುಖದ ಮೇಲೆ ಸುಮ್ಮನೆ ಕೂತಿರುತ್ತದೆ. ಶ್ರೀರಂಗಪಟ್ಟಣದ ಕೋಟೆ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಸಾಕಾದವಳು ನಾನು. ಇಲ್ಲಿ ಇನ್ನೊಂದು ಬಿದ್ದ ಗೋಡೆಗೆ ಟಿಕೆಟ್ಟು ಬೇರೆ. ಮಗ ನನ್ನನ್ನು ಪ್ರತಿ ಕಿಟಕಿಯ ಹತ್ತಿರವೂ ನಿಲ್ಲಿಸಿ ಫೋಟೋ ಹೊಡೆದ. "ಒಸಿ ನಗವ್ವ" ಅಂದ. ಹಸು ಒದೆಯುತ್ತಿರುವಾಗ ಎಂಥಾ ನಗು? ಆ ಫೋಟೋಗಳಲ್ಲಿ ನಾನು ಯಾರನ್ನೋ ಬಯ್ಯಲು ಬಂದು ನಿಂತಹಾಗಿದ್ದೇನೆ.

ಬಾಡಿಗೆ ಮನೆಯ ಪಕ್ಕದ ಹೊಲದಲ್ಲೂ ನಮ್ಮದರಂಥವೇ ಕರಿ ಬಿಳಿ ಹಸುಗಳು. ಸಂಜೆಯಾದರೆ ತಾವೇ ಸಾಲು ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದವು. ಒಳಗೆ ಮಿಷನ್ನು ಮೊಲೆಗೆ ಕಚ್ಚಿಕೊಂಡು ಹಾಲು ಎಳೆಯುತ್ತಿತ್ತು. ಯಾರು ಬಂದರು, ಯಾರು ಹೋದರು, ಅವಕ್ಕೆ ಯಾವ ಗುರುತೂ ಬೇಡ. ಬೇಲಿಯ ಹತ್ತಿರ ನಿಂತು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

"ನಾವೂ ಒಂದು ಮಿಷಿನ್ ತರ್ಸನಾ ಅವ್ವ?" ಅಂದ ಮಗ.

"ತರ್ಸ್ಲಾ. ಈಗ್ಲೇ ತರ್ಸು. ನಮ್ದು ಅದ್ನೂ ಒದ್ದು ಹೊಲ್ಕೆ ಎಸೀಲಿ."

ಸೋಮವಾರ ಬೆಳಿಗ್ಗೆ ಎದ್ದರೆ ಸುದ್ದಿ ಕೆಟ್ಟದ್ದೇ. ಹೊಸಹೊಳಲಿನಿಂದ ದನದ ಡಾಕ್ಟರು ಬಂದು, ಹಿಂಗಾಲು ಕಟ್ಟಿಸಿ, ಸೂಜಿ ಕೊಟ್ಟು ಕರೆಸಿದರಂತೆ. ಒಂದು ಚೆಂಬೂ ತುಂಬಲಿಲ್ಲ. ಹಸು ಹಾಲು ಇಳಿಸದೆ ಬಿಗಿಹಿಡಿದು ನಿಂತಿದೆ. ಮುಂದಿನ ಎಡಗಡೆ ಮೊಲೆಯ ಮೇಲೆ ಬಿಸಿ ಕಾಣಿಸಿದೆ. ಸಂಜೆಯೊಳಗೆ ಖಾಲಿಯಾಗದಿದ್ದರೆ ಅದೂ ಹೋದ ಹಾಗೆಯೇ ಅಂತ ಡಾಕ್ಟರು ಹೇಳಿ ಹೋಗಿದ್ದರು.

ಅವತ್ತು ಪಟ್ಟಿಯಲ್ಲಿ ಇದ್ದದ್ದು ಸಮುದ್ರದ ಅಂಚಿನ ಬಂಡೆ. ದೊಡ್ಡ ಮಚ್ಚಿನಿಂದ ಭೂಮಿಯನ್ನು ಕಡಿದು ನಿಲ್ಲಿಸಿದ ಹಾಗಿತ್ತು. ಕೆಳಗೆ ನೀರು, ಮೇಲೆ ಗಾಳಿ. ಆ ಗಾಳಿಗೆ ಸೀರೆ ನಿಲ್ಲುವುದಿಲ್ಲ ಅಂತ ಮಗಳು ನನಗೆ ತನ್ನ ಪ್ಯಾಂಟು ಹಾಕಿಸಿ ಮೇಲೆ ಕೋಟು ತೊಡಿಸಿದ್ದಳು. ಅಲ್ಲಿ ಮಧ್ಯಾಹ್ನವಾದರೆ ನಮ್ಮೂರಿನಲ್ಲಿ ಹಾಲು ಕರೆಯುವ ಸಂಜೆ ಹೊತ್ತು. ಫೋನು ಮಾಡಿಸಿದೆ. ಮುಖ ಕಾಣುವ ಫೋನು. ಕೊಟ್ಟಿಗೆ ಕಂಡಿತು, ಹಸು ಕಂಡಿತು. ಕೆಚ್ಚಲು ಕೆಂಪಗೆ ಊದಿಕೊಂಡು ಹಿಂಗಾಲು ಅಗಲಿಸಿ ನಿಂತಿತ್ತು.

ನನ್ನ ದನಿ ಕೇಳಿಯಾದರೂ ಸಮಾಧಾನವಾದೀತು ಅಂದುಕೊಂಡು "ಬಾವ್ವಾ, ನಿಂತ್ಕೋ ನನ್ನವ್ವಾ" ಅಂದೆ. ಆಗ ಅದು ಮಾಡಿದ ಅವಾಂತರ ನೋಡಬೇಕಿತ್ತು. ನಾನು ಎಲ್ಲಿದ್ದೇನೆ ಅಂತ ಅತ್ತ ತಿರುಗಿ, ಇತ್ತ ತಿರುಗಿ, ಹಗ್ಗ ಜಗ್ಗಿ ಗೂಟ ಅಲ್ಲಾಡಿಸಿತು. ಕರು ಕಾಲಡಿ ಸಿಗುವುದರಲ್ಲಿತ್ತು.

"ನೀ ಬಾಯ್ ಮುಚ್ಚಕ್ಕಾ!" ಅಂತ ಓರಗಿತ್ತಿ ಕೂಗಿದಳು. "ನೀನಿಲ್ದೆ ಇದ್ರೇನೇ ವಾಸಿ!"

ಉಳಿದದ್ದು ಒಂದೇ ದಾರಿ. ದನ ಕಟ್ಟಿದವರಿಗೆಲ್ಲ ಗೊತ್ತಿರುವುದೇ. ಕೊಟ್ಟಿಗೆಯ ಬಾಗಿಲ ಹಿಂದೆ ಮೊಳೆಗೆ ನನ್ನ ಒಂದು ಹಳೆಯ ಸೀರೆ ನೇತುಹಾಕಿರುತ್ತೇನೆ. ಕರೆಯುವಾಗ ಮಾತ್ರ ಉಡುವುದು, ಒಗೆಯುವುದು ಅಪರೂಪ. ಬೂಸ, ಸಗಣಿ, ನನ್ನ ಬೆವರು, ಎಲ್ಲ ಅದರಲ್ಲೇ. ಹಸುವಿಗೆ ಆ ವಾಸನೆಯೇ ನಾನು.

"ಬಾಗ್ಲಿಂದೆ ಇರೋ ನನ್ ಸೀರೆ ಉಟ್ಕಂಡು ಕೂತ್ಕೋ" ಅಂದೆ.

ಓರಗಿತ್ತಿ ಕೈಲಿದ್ದ ಬಕೀಟು ಕೆಳಗಿಟ್ಟಳು. ಗಾಳಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ.

"ಕೇಳುಸ್ತು" ಅಂದಳು. "ಅದೊಂದ್ ಏಳ್ಬೇಡ ಕಣಕ್ಕ. ನಿನ್ ಕಾಲಿಗ್ ಬೇಕಾರೆ ಬೀಳ್ತೀನಿ. ನಾನು ಮುತ್ತೈದೆ. ಗಂಡ ಕಣ್ಮುಂದೆ ನಿಂತವ್ನೆ. ನಿನ್ ಸೀರೆ ನಾನೆಂಗೆ ಮೈಗಾಕ್ಕಳ್ಳಿ?"

ಗಂಡ ಸತ್ತವಳ ಸೀರೆ ಅಂತ ಬಾಯಿಬಿಟ್ಟು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಅದು ನಮ್ಮ ಯಜಮಾನರಿದ್ದಾಗ ತಂದ ಸೀರೆ ಅಂತ ಒಂದು ಸುಳ್ಳು ಬಿಡಬಹುದಿತ್ತು. ಆದರೆ ಅವರು ಹೋದ ಮೇಲೆ ಕೆ.ಆರ್. ಪೇಟೆಯಲ್ಲಿ ಅದನ್ನು ತೆಗೆದಾಗ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಬಣ್ಣ ಆರಿಸಿದವಳೇ ಅವಳು.

ಮಗಳಿಗೆ ಕೋಪ ಬಂತು. ಮಗನ ಕೈಲಿದ್ದ ಫೋನಿನ ಮುಂದೆ ಬಗ್ಗಿ, "ಏನ್ ಚಿಕ್ಕವ್ವ ಇಂಗಂತೀಯ, ಯಾವ ಕಾಲ್ದಲ್ಲಿದ್ದೀಯ?" ಅಂತ ಶುರು ಮಾಡಿದಳು.

"ನೀ ಸುಮ್ಕಿರೆ" ಅಂದೆ. "ನಿಂಗ್ಯಾಕೆ ಅದು?"

ನನ್ನ ಅತ್ತೆ ಗಂಡನನ್ನು ಕಳಕೊಂಡ ವರ್ಷ ತನ್ನ ಒಳ್ಳೆಯ ಸೀರೆಯೊಂದನ್ನು ಉಟ್ಟುಕೋ ಅಂತ ನನಗೆ ಕೊಟ್ಟಿದ್ದರು. ನಾನು ಉಡಲಿಲ್ಲ. ಪೆಟ್ಟಿಗೆಯ ತಳದಲ್ಲಿಟ್ಟು ಆಮೇಲೆ ಪಾತ್ರೆಯವನಿಗೆ ಹಾಕಿದೆ. ಅತ್ತೆಗೆ ಗೊತ್ತಾಗಿತ್ತು, ಕೇಳಲಿಲ್ಲ. ಇವತ್ತು ನಾನು ಯಾವ ಬಾಯಲ್ಲಿ ಓರಗಿತ್ತಿಯನ್ನು ಅನ್ನಲಿ?

ಅಷ್ಟರಲ್ಲಿ ಮೈದುನ ತಾನೇ ಸೀರೆಯನ್ನು ಮೊಳೆಯಿಂದ ಇಳಿಸಿದ. "ನಂಗ್ಯಾವ ಮುತ್ತೈದೆತನ? ಕೊಡಿ ಇತ್ಲಾಗೆ" ಅಂತ ಪಂಚೆಯ ಮೇಲೆ ಸುತ್ತಿಕೊಂಡು ತಲೆಯ ಮೇಲೆ ಸೆರಗು ಹೊದ್ದ. "ಅತ್ಗೆ, ಕಾಣ್ತಾ ಇವ್ನಾ? ಎಂಗಿವ್ನಿ?"

"ಮೀಸೆ ಮುಚ್ಕೊಳ್ಳಪ್ಪ" ಅಂದೆ.

ಮಗ ನಕ್ಕ ರಭಸಕ್ಕೆ ಅವನ ಕೈಲಿದ್ದ ಫೋನು ಬಂಡೆಯ ಕೆಳಗೆ ಬೀಳುವುದರಲ್ಲಿತ್ತು. ನೋಡಲು ಬಂದಿದ್ದ ಬಿಳಿ ಜನ ಸಮುದ್ರ ಬಿಟ್ಟು ನಮ್ಮ ಕಡೆ ತಿರುಗಿದರು. ಹಸು ಮೊದಲು ಸೀರೆ ಮೂಸಿತು, ಸುಮ್ಮನಾಯಿತು. ಮೈದುನ ಕೂತ. ಆಮೇಲೆ ಅದು ಅವನ ಬಾಯಿಯ ಹತ್ತಿರ ಮೂತಿ ತಂದಿತು. ಬೀಡಿ ವಾಸನೆ. ಒಂದೇ ಒದೆತಕ್ಕೆ ಅವನು ಗಂಜಳದ ಗುಂಡಿಯಲ್ಲಿ ಕೂತಿದ್ದ.

ಓರಗಿತ್ತಿಯೂ ನಕ್ಕಳು. ನಗುತ್ತಾ ನಗುತ್ತಾ ಹಸುವಿನ ಕೆಚ್ಚಲು ನೋಡಿ ನಗು ನಿಲ್ಲಿಸಿದಳು. ಕರು ಹೋಗಿ ಬಾಯಿ ಹಾಕಿದರೆ ಹಸು ನೋವಿಗೆ ಕರುವನ್ನೂ ತಳ್ಳುತ್ತಿತ್ತು. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಮಾಡುತ್ತಿರಲಿಲ್ಲ, ಅವಳು ನನಗೆ ಗೊತ್ತು.

"ತಗಿ ಇತ್ಲಾಗೆ. ಹರ್ದಾಕ್ಬುಟ್ಟೀಯ" ಅಂತ ಗಂಡನ ಮೈಮೇಲಿದ್ದ ಸೀರೆ ಎಳೆದುಕೊಂಡಳು. "ಆ ಫೋನು ಅತ್ಲಾಗ್ ತಿರುಗ್ಸು. ನನ್ ತೋರುಸ್ಬೇಡ."

ಮೈದುನ ತಿರುಗಿಸಿದ. ಆಮೇಲೆ ನನಗೆ ಕಂಡದ್ದು ಕೊಟ್ಟಿಗೆಯ ಗೋಡೆ ಮಾತ್ರ. ಅವಳು ತನ್ನ ಸೀರೆಯ ಮೇಲೆಯೇ ಅದನ್ನು ಉಟ್ಟಳೋ, ಸುಮ್ಮನೆ ಹೊದ್ದಳೋ ತಿಳಿಯಲಿಲ್ಲ. ಗಾಳಿ ಎಲ್ಲ ಶಬ್ದವನ್ನೂ ಹೊಡೆದುಕೊಂಡು ಹೋಗುತ್ತಿತ್ತು. ಮಗಳು ತನ್ನ ಕೋಟು ಬಿಚ್ಚಿ ನನ್ನ ತಲೆ, ಫೋನು ಎರಡನ್ನೂ ಸೇರಿಸಿ ಮುಚ್ಚಿದಳು. ಕೋಟಿನೊಳಗೆ ಕತ್ತಲಲ್ಲಿ ನಾನು ಕಿವಿಯಿಟ್ಟು ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಬಕೀಟಿನ ತಳಕ್ಕೆ ಚುರ್ ಅಂತ ಒಂದು. ಇನ್ನೊಂದು. ಆಮೇಲೆ ಒಂದೇ ಸಮನೆ. ತಳ ಮುಚ್ಚಿ ಹಾಲಿನ ಮೇಲೆ ಹಾಲು ಬೀಳುವ ದನಿ ಬರುವವರೆಗೂ ನಾನು ತಲೆ ಹೊರಗೆ ತೆಗೆಯಲಿಲ್ಲ. ಮಗಳು ಆ ಬಂಡೆ ನೋಡಿದೆಯಾ ಅಂತ ಈಗಲೂ ಕೇಳುತ್ತಾಳೆ. ನೋಡಿಲ್ಲ.

ಮಂಗಳವಾರ ಬೆಳಿಗ್ಗೆಯೂ ಅವಳು ಕರೆದಿದ್ದಳು, ಸಂಜೆಯೂ ಕರೆದಳು. ಮೊಲೆ ತಣ್ಣಗಾಗಿದೆ, ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದೆವು ಅಂತ ಮೈದುನ ಹೇಳಿದ. ಫೋನಿನಲ್ಲಿ ಅವಳನ್ನು ತೋರಿಸಲಿಲ್ಲ. ನಾನೂ ತೋರಿಸು ಅನ್ನಲಿಲ್ಲ.

ಬುಧವಾರ ಬಟ್ಟೆ ತುಂಬಿಕೊಳ್ಳುವಾಗ ಅಕ್ಕ ತಮ್ಮ ಇಬ್ಬರೂ ಮೊದಲೇ ಮಾತಾಡಿಕೊಂಡವರ ಹಾಗೆ ನನ್ನ ಎದುರು ಬಂದು ಕೂತರು. ಟಿಕೆಟ್ಟು ಒಂದು ವಾರ ಮುಂದಕ್ಕೆ ಹಾಕಿಸಬಹುದಂತೆ. ಪಟ್ಟಿಯಲ್ಲಿ ಇನ್ನೂ ಊರುಗಳು ಉಳಿದಿವೆಯಂತೆ.

"ಹೆಂಗೂ ಚಿಕ್ಕವ್ವ ಕರೀತಾವ್ಳಲ್ಲ. ಇನ್ನೇನವ್ವ ನಿಂಗೆ?" ಅಂದಳು ಮಗಳು.

"ಇಲ್ಲ. ನಾಳೆ ಹೊರ್ಡದೇಯ."

"ಮೂರ್ ವರ್ಸ ಕರ್ದು ಕರ್ದು ಸಾಕಾದ್ಮೇಲೆ ಬಂದೆ. ಒಂದ್ ವಾರ ಇರು ಅಂದ್ರೆ ಆಗಕಿಲ್ವಾ? ಅಸೀನ್ಗಿಂತ ನಾನ್ ಕಡ್ಮೆನಾ?"

"ಅಸೀಗೇನಾಗದೆ, ಚೆನ್ನಾಗದೆ. ಅವ್ಳು ದಿನುಕ್ಕೆ ಎರಡ್ ಸಲ ನನ್ ಸೀರೆ ಸುತ್ಕತಾವ್ಳೆ. ಅಸೀಗೋಸ್ಕರ ಮಾಡುದ್ಲು. ನಾನು ಊರೂರು ಸುತ್ತಕ್ಕೆ ಇನ್ನೊಂದ್ ವಾರ ಮಾಡು ಅಂತ ನಾನೇಳ್ಲಾ? ನೀನೇಳ್ತೀಯಾ? ತಗೋ, ಫೋನ್ ಮಾಡಿ ಏಳು."

ಮಗಳು ಫೋನು ತೆಗೆದುಕೊಳ್ಳಲಿಲ್ಲ. ಎಷ್ಟೇ ದೂರ ಬಂದರೂ ನಮ್ಮೂರಿನ ಹೆಣ್ಣು. ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡಳು. ಆಮೇಲೆ ನಾನು ಅಡ್ಡಾದಿಡ್ಡಿ ತುರುಕಿದ್ದ ಬಟ್ಟೆಗಳನ್ನೆಲ್ಲ ಸೂಟ್‌ಕೇಸಿನಿಂದ ಹೊರಗೆ ಸುರಿದು, ಬಯ್ಯುತ್ತಾ ಒಂದೊಂದೇ ಮಡಿಸತೊಡಗಿದಳು.

ನಾನು ಓರಗಿತ್ತಿಗೆ ಫೋನು ಮಾಡಿದೆ. ಈ ಸಲ ಅವಳೇ ಎತ್ತಿಕೊಂಡಳು.

"ಶುಕ್ರವಾರ ಸಂಜೆ ಕರಿಯೋ ಹೊತ್ಗೆ ಬತ್ತೀನಿ" ಅಂದೆ.

"ಅಷ್ಟ್ ದೂರದಿಂದ ಕಾಲ್ ಊದುಸ್ಕಂಡು ಬತ್ತೀಯ. ಬಂದೋಳೇ ಅದರ ಕೈಲಿ ಒದುಸ್ಕಬೇಡ. ಶುಕ್ರವಾರುದ್ದು ನಾನೇ ಕರೀತೀನಿ" ಅಂದಳು. "ಶನಿವಾರದಿಂದ ನಿನ್ ಅಸ ನಿಂಗೆ."

ಇಟ್ಟುಬಿಟ್ಟಳು.