ಮೂಟೆ ಅಕ್ಕನ ಉಲ್ಟಾ ಅಂಗಿ

ಮೂಟೆ ಅಕ್ಕನ ಬಗ್ಗೆ ಯಾಕೆ ಬರೆಯಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಅಂದರೆ ಏನು ಅಂತ ತಿಳಿಯದೆ ಬರುವ ಕಾಲೇಜು ಮಕ್ಕಳಿಗೆ ಕೆಲಸ ಕಲಿಸಿ ಕಳಿಸುವವರು ಇವರು. ಬೇರೆ ಕಡೆ ಬೇಡ ಅನ್ನಿಸಿಕೊಂಡು ಬಂದವರನ್ನೂ ಇವರು ಬೇಡ ಅಂದದ್ದಿಲ್ಲ. ತಮ್ಮ ಮನೆಗೆ ದೊಡ್ಡ ಪೆಟ್ಟು ಬಿದ್ದ ವರ್ಷವೂ ಅನ್ನಲಿಲ್ಲ. ಅದನ್ನು ನಾನು ಹತ್ತಿರದಿಂದ ನೋಡಿದೆ. ಅದೇ ಸಂಸ್ಥೆಯ ವ್ಯಾನ್ ಓಡಿಸುವವನು ನಾನು.

ನಮ್ಮದು ಹಳೆ ಬಟ್ಟೆಯ ಸಂಸ್ಥೆ. ಲಾಭ ನೋಡುವುದಿಲ್ಲ. ಮನೆ ಮನೆಯಿಂದ ಬಟ್ಟೆ ತರುತ್ತೇವೆ, ಬೇಕಾದವರಿಗೆ ಕೊಡುತ್ತೇವೆ. ಆಸ್ಪತ್ರೆಗೆ, ಅನಾಥಾಲಯಕ್ಕೆ, ಮನೆ ಸುಟ್ಟುಹೋದವರಿಗೆ. ಮೇಲಿನ ಮಹಡಿಯಲ್ಲಿ ಆಫೀಸು, ಸಂಸ್ಥೆ ನಡೆಸುವ ಮೇಡಂ ಕೂರುವುದು ಅಲ್ಲಿ. ಕೆಳಗೆ ಒಂದು ಉದ್ದನೆ ಕೋಣೆ, ಅದೇ ಅಕ್ಕನ ಕೋಣೆ. ನಡುವೆ ತಗಡು ಹೊದಿಸಿದ ಮೇಜು, ಗೋಡೆಗೆ ಒರಗಿಸಿದ ಮೂಟೆಗಳು, ಕಿಟಕಿ ಪಕ್ಕ ಟೈಲರಣ್ಣನ ಮಿಷನ್ನು. ಬೆಳಕಿನಲ್ಲಿ ಸದಾ ನೂಲಿನ ಧೂಳು ತೇಲುತ್ತಿರುತ್ತದೆ. ಅದಕ್ಕೇ ಅಲ್ಲಿ ಕೆಲಸ ಮಾಡುವವರೆಲ್ಲ ತಮ್ಮ ಬಟ್ಟೆ ಮೇಲೆ ಯಾವುದೋ ಹಳೇ ಗಂಡಸರ ಅಂಗಿ ಹಾಕಿಕೊಳ್ಳುತ್ತಾರೆ.

ಬಂದ ಬಟ್ಟೆಯನ್ನು ಮೂರು ರಾಶಿ ಮಾಡಬೇಕು. ತೊಡೋದು, ಹೊಲಿಯೋದು, ಚಿಂದಿ. ಮುಟ್ಟಿ ನೋಡಿದ ಕೂಡಲೇ ಅಕ್ಕನ ಕೈ ಎಸೆಯುತ್ತದೆ.

ರಜೆ ಬಂತೆಂದರೆ ಕಾಲೇಜು ಮಕ್ಕಳು ಇಂಟರ್ನ್‌ಶಿಪ್ ಅಂತ ಬರುತ್ತಾರೆ. ಟೈಲರಣ್ಣ ಅದನ್ನು ಇಂಟರ್‌ಶಿಪ್ಪು ಅನ್ನುತ್ತಾನೆ. ಮಕ್ಕಳು ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

"ಏನಪ್ಪಾ, ಏನು ಕೆಲಸ ಅಂತ ಬಂದೆ?" ಅಂತ ಅಕ್ಕ ಕೇಳುತ್ತಾರೆ.

"ಪ್ರಾಜೆಕ್ಟ್ ಮಾಡಬೇಕು ಅಂತ ಮೇಡಂ..."

"ಮೇಡಂ ಮೇಲಿದಾರೆ. ನಾನು ಅಕ್ಕ. ಪ್ರಾಜೆಕ್ಟು ಆ ಮೂಲೇಲಿದೆ ನೋಡು, ಹೊತ್ಕೊಂಡು ಬಾ."

ಅವನು ಮೂಟೆ ಹೊರಲಾರದೆ ಎಳೆದುಕೊಂಡು ಬರುವಷ್ಟರಲ್ಲಿ ಟೈಲರಣ್ಣ ಶುರು ಮಾಡಿರುತ್ತಾನೆ.

"ಅಕ್ಕಾ, ಈ ಸಲದ ಸರಕು ಯಾವ ರಾಶಿಗೆ?"

"ಹೊಲಿಯೋದು."

"ಚಿಂದಿ ಅಂದ್ಕೊಂಡಿದ್ದೆ ನಾನು."

"ನಿನ್ನನ್ನೇ ಚಿಂದಿಗೆ ಹಾಕಿಲ್ಲ ನಾನು, ಇವನನ್ನ ಹಾಕ್ತೀನಾ?"

ಇದು ಮೊದಲಿನ ಮಾತು. ಆಗ ಅಕ್ಕ ನಗುತ್ತಿದ್ದರು.

ಅಕ್ಕನ ಗಂಡ ಬಸ್ ಕಂಡಕ್ಟರ್. ಅವರನ್ನು ನಾವು "ಒಳಗೆ ಹೋಗಿ" ಅಂತಲೇ ಕರೆಯುತ್ತಿದ್ದೆವು. ಬಸ್ಸಿನಲ್ಲಿ ದಿನವಿಡೀ ಅದನ್ನೇ ಕೂಗಿ ಕೂಗಿ, ನಮ್ಮ ಕೋಣೆಗೆ ಬಂದಾಗಲೂ ಬಾಯಿಗೆ ಅದೇ ಬರುತ್ತಿತ್ತು. ಒಂದು ಮಧ್ಯಾಹ್ನ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕೂತರು. ಕೊನೆಯ ಸ್ಟಾಪು ಬಂದರೂ ಏಳಲಿಲ್ಲ. ಸುಸ್ತಾಗಿ ಮಲಗಿದ್ದಾರೆ ಅಂದುಕೊಂಡು ಡ್ರೈವರ್ ಟೀ ಕುಡಿದು ಬಂದು ಎಬ್ಬಿಸಲು ಹೋದನಂತೆ. ಅಷ್ಟರಲ್ಲಿ ಜೀವ ಹೋಗಿತ್ತು.

ಕೆಲವು ದಿನ ಕಳೆದ ಮೇಲೆ ಅಕ್ಕನ ಅತ್ತೆ, "ಆ ಬಟ್ಟೆ ಕಣ್ಣೆದುರಿಗೆ ಇದ್ರೆ ನಂಗೆ ತುತ್ತು ಇಳಿಯಲ್ಲ ಕಣೇ" ಅಂದರಂತೆ. ಅಕ್ಕ ಗಂಡನ ಬಟ್ಟೆಯನ್ನೆಲ್ಲ ಮೂಟೆ ಕಟ್ಟಿ ಕೆಲಸಕ್ಕೆ ತಂದರು. ತಾವೇ ಮೇಜಿನ ಮೇಲೆ ಸುರಿದುಕೊಂಡರು.

"ಅಕ್ಕಾ, ನೀವು ಕೂತ್ಕೊಳ್ಳಿ. ಇದನ್ನ ನಾನು ನೋಡ್ಕೋತೀನಿ" ಅಂದ ಟೈಲರಣ್ಣ.

"ನಿಂಗೆ ರಾಶಿ ತಿಳಿಯಲ್ಲ. ಎಲ್ಲಾನೂ ತೊಡೋದಕ್ಕೆ ಹಾಕ್ತೀಯ."

ಪ್ಯಾಂಟು ತೊಡೋದಕ್ಕೆ ಹೋಯಿತು. ಸ್ವೆಟರು ಹೊಲಿಯೋದಕ್ಕೆ ಹೋಯಿತು. ಬನಿಯನ್ ಚಿಂದಿಗೆ. ಕೈ ಎಲ್ಲೂ ನಿಲ್ಲಲಿಲ್ಲ. ಟೈಲರಣ್ಣ ಮಿಷನ್ ತುಳಿಯುವುದನ್ನು ಬಿಟ್ಟು ಗೋಡೆ ನೋಡುತ್ತಾ ಕೂತ.

ಇಲ್ಲಿ ಒಂದು ನಿಯಮ ಹೇಳಬೇಕು. ನಮ್ಮಲ್ಲಿ ಯೂನಿಫಾರಂ ಯಾರಿಗೂ ಇಡಿಯಾಗಿ ಕೊಡುವುದಿಲ್ಲ. ಹಿಂದೆ ಯಾರೋ ಒಬ್ಬ ನಾವು ಕೊಟ್ಟ ಕಾವಲುಗಾರನ ಅಂಗಿ ಹಾಕಿಕೊಂಡು ಒಂದು ಗೋದಾಮಿಗೆ ನುಗ್ಗಿ ಕದ್ದಿದ್ದ. ಪೊಲೀಸರು ನಮ್ಮ ಬಾಗಿಲಿಗೆ ಬಂದರು. ಅಂದಿನಿಂದ ಯೂನಿಫಾರಂ ಕಂಡರೆ ಮೊದಲು ಗುಂಡಿ, ಆಮೇಲೆ ಜೇಬಿನ ಮೇಲಿನ ಗುರುತು, ಆಮೇಲೆ ಕತ್ತರಿ. ನೆಲ ಒರೆಸುವ ತುಂಡು ಮಾಡಿ ಆಸ್ಪತ್ರೆಗೆ ಕಳಿಸುತ್ತೇವೆ. ಈ ನಿಯಮ ಮಾಡಿದ್ದೇ ಅಕ್ಕ. ಗಂಡನ ಕಂಡಕ್ಟರ್ ಅಂಗಿಗಳನ್ನೂ ಅವರೇ ಕತ್ತರಿಸಿದರು. ಒಂದನ್ನು ಮಾತ್ರ ಬಿಟ್ಟರು. ಅದನ್ನು ಉಲ್ಟಾ ಮಾಡಿ, ಗುರುತು ಒಳಗೆ ಹೋಗುವ ಹಾಗೆ, ಧೂಳಿಗೆ ಅಂತ ತಮ್ಮ ಮೈಮೇಲೆ ಹಾಕಿಕೊಂಡರು. ಅದರ ಕಾಲರ್ ಸವೆದಿತ್ತು. ಟೈಲರಣ್ಣ ಕೇಳದೆಯೇ ಅದನ್ನು ತಿರುಗಿಸಿ ಹೊಲಿದುಕೊಟ್ಟ. ಆ ಅಂಗಿಯ ಮಾತು ನಾವು ಯಾರೂ ಎತ್ತಲಿಲ್ಲ.

ಅಲ್ಲಿಂದ ಅಕ್ಕ ಅತ್ತದ್ದನ್ನು ನಾನು ಕಾಣೆ, ನಕ್ಕದ್ದನ್ನೂ ಕಾಣೆ. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು. ಊಟದ ಡಬ್ಬಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಟೈಲರಣ್ಣ ಜೋಕು ಹೊಡೆದರೆ "ಹೂಂ" ಅನ್ನುತ್ತಿದ್ದರು.

ಆ ರಜೆಯಲ್ಲಿ ಬಂದವಳು ದಪ್ಪ ಕನ್ನಡಕದ ಒಬ್ಬ ಹುಡುಗಿ. ಟೈಲರಣ್ಣ ಅವಳಿಗೆ ಕನ್ನಡಕ ಅಂತಲೇ ಹೆಸರಿಟ್ಟ. ಅವಳು ಮೊದಲು ಬೇರೆ ಸಂಸ್ಥೆಗಳಿಗೆ ಹೋಗಿದ್ದಳು. ಒಂದು ಕಡೆ ಸ್ವಂತ ಲ್ಯಾಪ್‌ಟಾಪ್ ಇದೆಯಾ ಅಂದರಂತೆ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಿ, ಆಮೇಲೆ ಹೇಳ್ತೀವಿ ಅಂದರಂತೆ. ಈ ಇಂಟರ್ನ್‌ಶಿಪ್ ಮುಗಿಸದೆ ಕಾಲೇಜಿನವರು ಪಾಸು ಮಾಡುವುದಿಲ್ಲ. ಕೆಲಸ ಕಲಿತಿದ್ದಾಳೆ ಅಂತ ಕಲಿಸಿದವರು ಬಾಯಿಬಿಟ್ಟು ಹೇಳಬೇಕು. ಅವಳ ತಮ್ಮನನ್ನು ಶಾಲೆ ಬಿಡಿಸಿ ಇವಳನ್ನು ಓದಿಸುತ್ತಿದ್ದರು. ಇನ್ನೊಂದು ವರ್ಷ ಓದ್ತೀನಿ ಅಂದರೆ ಕೇಳುವವರು ಆ ಮನೆಯಲ್ಲಿ ಇರಲಿಲ್ಲ. ವ್ಯಾನಿನಲ್ಲಿ ಪಕ್ಕದಲ್ಲಿ ಕೂತು ಇದನ್ನೆಲ್ಲ ಅವಳೇ ಹೇಳಿದಳು.

"ಇಲ್ಲೂ ಬೇಡ ಅಂದ್ಬಿಟ್ರೆ ಏನ್ ಮಾಡ್ಲಿ ಡ್ರೈವರಣ್ಣ?"

"ಅಕ್ಕ ಹಾಗನ್ನಲ್ಲ" ಅಂದೆ.

ಹುಡುಗಿ ಚುರುಕು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದಳು. ಆದರೆ ಅನುಮಾನ ಬಂದರೆ ಕೇಳುತ್ತಿರಲಿಲ್ಲ. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ತಿಳಿಯದಿದ್ದರೆ ಕೈ ಹಾಕಬೇಡ, ಕೇಳು ಅಂತ ಮೇಡಂ ಒಂದೆರಡು ಸಲ ಗದರಿಸಿದ್ದರು.

ಅವತ್ತು ಇನ್ನೊಂದು ಕಾಲೇಜಿನ ಮಕ್ಕಳು ಜಾಗ ಇದೆಯಾ ಅಂತ ವಿಚಾರಿಸಲು ಬಂದಿದ್ದರು. ಮೇಡಂ ಮೇಲಿನಿಂದ ಅಕ್ಕನನ್ನು ಕರೆದರು. ಧೂಳಿನ ಅಂಗಿಯಲ್ಲಿ ಮೇಲೆ ಹೋಗುವುದು ಬೇಡ ಅಂತ ಅಕ್ಕ ಅದನ್ನು ಅವಸರದಲ್ಲಿ ತೆಗೆದು ಮೇಜಿನ ತುದಿಯಲ್ಲಿ ಹಾಕಿ ಹೋದರು. ತೆಗೆಯುವಾಗ ಅಂಗಿ ತಿರುಗಿ ಸರಿಯಾದ ಮಗ್ಗುಲಿಗೆ ಬಂತು. ಗುರುತು ಮೇಲೆ ಬಂತು.

ಕನ್ನಡಕ ಹೊಸ ಮೂಟೆ ಬಿಚ್ಚಿ ಮೇಜಿನ ಮೇಲೆ ಸುರಿದಳು. ಅಂಗಿ ರಾಶಿಯೊಳಗೆ ಸೇರಿತು. ಅಕ್ಕನ ಮೈಮೇಲೆ ಅದರ ಒಳಮಗ್ಗುಲು ಮಾತ್ರ ನೋಡಿದ್ದ ಹುಡುಗಿ ಅವಳು. ಯೂನಿಫಾರಂ ಕಂಡಿತು. ಗುಂಡಿ ಬಿಚ್ಚಿದಳು. ಗುರುತು ಕಿತ್ತಳು. ಕತ್ತರಿ ಹಾಕಿದಳು.

ನಾನು ಹೊಸ ಮೂಟೆ ಇಳಿಸಿ ಒಳಗೆ ಬಂದಾಗ ಟೈಲರಣ್ಣ ಎದ್ದು ನಿಂತಿದ್ದ. ಕೈಯಲ್ಲಿ ತಾನೇ ಹೊಲಿದಿದ್ದ ಕಾಲರ್ ಇತ್ತು.

"ಏ ಕನ್ನಡಕ, ಇದೆಲ್ಲಿತ್ತೇ?"

"ರಾಶೀಲಿತ್ತು ಅಣ್ಣ. ಯೂನಿಫಾರಂ ಅಲ್ವಾ?"

ಅವನು ಕಾಲರನ್ನು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಮೇಡಂ ಆ ಮಕ್ಕಳಿಗೆ ಕೋಣೆ ತೋರಿಸಲು ಅಕ್ಕನ ಜೊತೆ ಇಳಿದು ಬಂದರು. ತುಂಡುಗಳನ್ನು ನೋಡಿದ ಕೂಡಲೇ ಅದು ಯಾರ ಅಂಗಿ ಅಂತ ಮೇಡಂಗೆ ತಿಳಿಯಿತು. ಬಂದಿದ್ದ ಮಕ್ಕಳಿಗೆ ಹೊರಗೆ ನಿಲ್ಲಲು ಹೇಳಿದರು.

"ಕೇಳಿ ಮಾಡು ಅಂತ ಎಷ್ಟು ಸಲ ಹೇಳ್ಬೇಕಮ್ಮಾ ನಿಂಗೆ? ಅದು ಅಕ್ಕನ ಯಜಮಾನ್ರ ಅಂಗಿ. ತೀರ್‍ಕೊಂಡವರದ್ದು. ನಿನ್ನ ಬ್ಯಾಗ್ ತಗೋ. ನಾಳೆಯಿಂದ ಬರೋದು ಬೇಡ."

ಹುಡುಗಿ ಕತ್ತರಿ ಕೆಳಗಿಡುವುದಕ್ಕೂ ತೋಚದೆ ಹಿಡಿದುಕೊಂಡೇ ನಿಂತಿದ್ದಳು. ನಾವೆಲ್ಲ ಅಕ್ಕನ ಮುಖ ನೋಡಿದೆವು. ಅಲ್ಲಿ ಏನೂ ಇರಲಿಲ್ಲ. ಅಕ್ಕ ಮೇಜಿನ ಹತ್ತಿರ ಹೋಗಿ ತುಂಡುಗಳನ್ನು ತಿರುಗಿಸಿ ನೋಡಿದರು, ಯಾರದೋ ಬಟ್ಟೆ ನೋಡುವ ಹಾಗೆ.

"ಕಂಕುಳ ಹತ್ರ ಯಾಕೆ ಬಿಟ್ಟೆ?"

ಹುಡುಗಿ ಕೈಯಲ್ಲಿದ್ದ ಕತ್ತರಿ ನೋಡಿದಳು.

"ನಿನ್ನನ್ನೇ ಕೇಳ್ತಿರೋದು. ಯಾಕೆ ಬಿಟ್ಟೆ?"

"ಹೊಲಿಗೆ ಗಟ್ಟಿ ಇತ್ತು ಅಕ್ಕಾ. ಕತ್ತರಿ ಹೋಗ್ಲಿಲ್ಲ."

"ಅಲ್ಲಿ ಕತ್ತರಿ ಹಾಕಬಾರದು. ಬಿಚ್ಚಬೇಕು. ಕೊಡಿಲ್ಲಿ."

ಬ್ಲೇಡು ತೆಗೆದುಕೊಂಡು ತೋಳಿನ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚಿ ತೋರಿಸಿದರು. ಬೆವರಿಗೆ ಅಲ್ಲಿ ಬಟ್ಟೆಯ ಬಣ್ಣ ಹೋಗಿತ್ತು. ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು, ಅಷ್ಟೇ. ಚೌಕವಾಗಿ ಕತ್ತರಿಸಿ ನೆಲ ಒರೆಸುವ ತುಂಡುಗಳ ರಾಶಿಗೆ ಹಾಕಿದರು. ಇನ್ನೊಂದು ತೋಳನ್ನು ಹುಡುಗಿಯ ಕಡೆ ತಳ್ಳಿದರು.

"ಇದನ್ನ ನೀನು ಬಿಚ್ಚು."

ಹುಡುಗಿಗೆ ಅಳು ಒತ್ತಿ ಬಂತು. ಕನ್ನಡಕದ ಕೆಳಗಿಂದ ಇಳಿಯಿತು.

"ಅಳೋದಾದ್ರೆ ಆ ಕಡೆ ತಿರುಗಿ ಅಳು. ಬಟ್ಟೆ ಒದ್ದೆ ಆದ್ರೆ ಬೂಷ್ಟು ಹಿಡಿಯುತ್ತೆ."

ಟೈಲರಣ್ಣ ಒಮ್ಮೆಲೇ ಮೂಗು ಸೀಟಿದ. ನಗುವೋ ಅಳುವೋ ತಿಳಿಯಲಿಲ್ಲ. ಮೇಡಂ ಮೆಲ್ಲಗೆ ಅಂದರು, "ಅಕ್ಕಾ, ಇವಳನ್ನ ಕಳಿಸ್ತೀನಿ ಬಿಡಿ. ನೀವೂ ಇವತ್ತು ಮನೆಗೆ ಹೋಗಿ."

"ಮನೇಲೇನಿದೆ? ಮೂಟೆ ಇರೋದು ಇಲ್ಲಿ."

"ಹಾಗಲ್ಲ..."

"ಉಲ್ಟಾ ಅಂಗಿ ಒಳಗೇನಿದೆ ಅಂತ ಯಾರೂ ಅವಳಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ನಾನು ಕಲಿಸಿದ್ದನ್ನ ಅವಳು ಮಾಡಿದಾಳೆ. ಇವಳನ್ನ ಕಳಿಸಿದ್ರೆ ಆ ನಿಯಮ ಯಾಕೆ ಮಾಡಿದ್ದು ನಾವು?" ಅಂದರು ಅಕ್ಕ. ದನಿ ಏರಲಿಲ್ಲ. "ನನ್ನ ಹತ್ರ ಇರ್ಲಿ ಇವಳು."

ಮೇಡಂ "ನಿಮ್ಮ ಮಾತೇ ಆಗ್ಲಿ" ಅಂದು, ಹೊರಗಿದ್ದ ಮಕ್ಕಳನ್ನು ಕರೆದುಕೊಂಡು ಮೇಲೆ ಹೋದರು.

ಸಂಜೆ ಅಕ್ಕನನ್ನು ಮನೆ ಕಡೆ ಬಿಡಲು ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಹುಡುಗಿಯೂ ಹಿಂದೆ ಕೂತಿದ್ದಳು. ದಾರಿಯಲ್ಲಿ ಒಂದು ಬಸ್ಸು ಅಡ್ಡ ಬಂತು, ನಿಲ್ಲಿಸಿದೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗುತ್ತಿದ್ದ. ಅಕ್ಕ ನೋಡಿದರು.

"ಅಕ್ಕಾ, ಬೈದುಬಿಡಿ ನಂಗೆ" ಅಂದಳು ಹುಡುಗಿ.

"ಬೈಯೋಕೆ ಬರ್ತಿಲ್ಲ ಕಣೇ."

ಆಮೇಲೆ ನನ್ನ ಕಡೆ ತಿರುಗಿ ಅಂದರು, "ಏನಾದ್ರೂ ಆಗುತ್ತೆ ಅಂತ ಕಾಯ್ತಾನೇ ಇದೀನಿ ಡ್ರೈವರಣ್ಣ. ಅವ್ರು ಹೋದಾಗ ಕಾದೆ. ಬಟ್ಟೆ ಕತ್ತರಿಸೋವಾಗ ಕಾದೆ. ಇವತ್ತೂ ಕಾದೆ. ಏನೂ ಆಗ್ತಿಲ್ಲ."

ಬಸ್ಸು ಹೋಯಿತು. ಗಾಡಿ ಹೊರಡಿಸಿದೆ.

ಮರುದಿನ ಹುಡುಗಿ ಎಲ್ಲರಿಗಿಂತ ಮುಂಚೆ ಬಂದಿದ್ದಳು. ತೊಡೋದರ ರಾಶಿಯಿಂದ ಒಂದು ಒಳ್ಳೆ ಅಂಗಿ ತೆಗೆದು ಅಕ್ಕನಿಗೆ ಕೊಡಲು ಹೋದಳು.

"ಅದು ಯಾರಿಗಾದ್ರೂ ಆಗುತ್ತೆ, ಅಲ್ಲೇ ಇಡು" ಅಂದು ಅಕ್ಕ ಚಿಂದಿಯಿಂದ ಒಂದನ್ನು ಎಳೆದು ಹಾಕಿಕೊಂಡರು. ಅದರಲ್ಲಿ ಒಂದು ತೋಳು ಇರಲಿಲ್ಲ. ಟೈಲರಣ್ಣ ನೋಡಿದ. "ಅಕ್ಕಾ, ಅರ್ಧ ಸಂಬಳಕ್ಕೆ ಬಂದ ಹಾಗಿದೀರಿ" ಅಂದ. ಅಕ್ಕ "ಹೂಂ" ಅಂದರು. ಆಮೇಲಿಂದ ಹುಡುಗಿ ಒಂದೊಂದು ಬಟ್ಟೆಗೂ ಕೇಳತೊಡಗಿದಳು. ಅಕ್ಕಾ ಇದು? ಅಕ್ಕಾ ಇದು ಯಾವ ರಾಶಿ? ಕೇಳಿ ಕೇಳಿ ಟೈಲರಣ್ಣನಿಗೆ ತಲೆ ಚಿಟ್ಟು ಹಿಡಿಯಿತು. ಅಕ್ಕ ಎಲ್ಲದಕ್ಕೂ ಉತ್ತರ ಕೊಟ್ಟರು.

ರಜೆ ಮುಗಿಯುವಾಗ ಕಾಲೇಜಿನಿಂದ ಒಬ್ಬರು ಮೇಷ್ಟ್ರು ವಿಚಾರಿಸಲು ಬಂದರು. ಮೇಡಂ ಅವರನ್ನು ಕೆಳಗೆ ಕಳಿಸಿದರು. ಹುಡುಗಿ ಮೂಟೆಗಳ ಹಿಂದೆ ಹೋಗಿ ನಿಂತಳು.

"ಹೇಗಮ್ಮಾ ನಮ್ಮ ಹುಡುಗಿ? ತಪ್ಪುಗಿಪ್ಪು ಮಾಡಿದಾಳಾ?"

"ಮಾಡಿದಾಳೆ. ಮಾಡಿದ ಮೇಲೆ ಓಡಿಹೋಗ್ಲಿಲ್ಲ. ಕೂತು ಬಿಚ್ಚಿದಳು."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಹಾಗಂದ್ರೆ ಪಾಸು ಅನ್ನಬಹುದಾ?"

"ಕೆಲಸ ಕಲ್ತಿದಾಳೆ. ಪಾಸು ಮಾಡಿ" ಅಂದರು ಅಕ್ಕ. ಇನ್ನೊಂದು ಬಟ್ಟೆ ಎತ್ತಿಕೊಂಡರು.

ಹುಡುಗಿ ಪಾಸಾದಳು. ಈಗ ಒಂದು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ತಮ್ಮನನ್ನು ಮತ್ತೆ ಶಾಲೆಗೆ ಸೇರಿಸಿದ್ದಾಳೆ. ಅಕ್ಕನಿಗೆ ಹೇಗಿದೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಅವರು ಹಾಗೇ ಇದ್ದಾರೆ. ಬರುತ್ತಾರೆ, ವಿಂಗಡಿಸುತ್ತಾರೆ, ಹೋಗುತ್ತಾರೆ.

ಇದನ್ನು ಓದುವ ಕಾಲೇಜು ಮಕ್ಕಳಿದ್ದರೆ, ಎಲ್ಲೂ ಜಾಗ ಸಿಗಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಅಕ್ಕನ ಹತ್ತಿರ ಹೋಗಿ. ದೊಡ್ಡವರೂ ಹೋಗಿ. ಮಾತಾಡಿಸಿದರೆ ಅವರು ಹೆಚ್ಚು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸುಮ್ಮನೆ ಮೇಜಿನ ಆ ಕಡೆ ಅವರೆದುರು ನಿಂತುಕೊಂಡು ಒಂದಷ್ಟು ಹೊತ್ತು ಕೆಲಸ ಮಾಡಿ ಬನ್ನಿ. ಅವರಿಗೆ ಜೊತೆ ಬೇಕು.