ಸಿಂಚನಾಳಿಗೆ ಕಾಲೇಜು ನೋಡಲು ಹೊರಟದ್ದು

ಶ್ರಾವಣ ಹುಟ್ಟಿದ ಮೊದಲ ಗುರುವಾರ ಬೆಳಿಗ್ಗೆ ನಾನು ಮತ್ತು ನನ್ನ ತಂಗಿಯ ಮಗಳು ಸಿಂಚನಾ ಚಿಕ್ಕಜಾಜೂರಿನಿಂದ ಹೊರಟೆವು. ಮೋಡ ಕವಿದಿತ್ತು, ಮಳೆ ಇರಲಿಲ್ಲ, ಗಾಳಿ ಮಾತ್ರ ಸೆರಗು ನಿಲ್ಲಲು ಬಿಡುತ್ತಿರಲಿಲ್ಲ. ನಾನು ಊರಲ್ಲಿ ಬ್ಲೌಸ್ ಹೊಲಿಯುವವಳು. ಆದರೆ ನಮ್ಮ ಬಳಗದಲ್ಲಿ ನನಗೆ ಹೆಸರು ಬಂದಿರುವುದು ಬೇರೆ ಕೆಲಸಕ್ಕೆ. ಯಾರಿಗೆ ಸಂಬಂಧ ಬಂದರೂ ಮನೆತನ ನೋಡಿಕೊಂಡು ಬರಲು ಮೊದಲು ನನ್ನನ್ನೇ ಕಳಿಸುತ್ತಾರೆ. ನಾನು ನಡುಮನೆಯ ಸೋಫಾ ನೋಡಿ ಮರುಳಾಗುವವಳಲ್ಲ. ನೀರು ಕುಡಿಯುವ ನೆಪದಲ್ಲಿ ಹಿತ್ತಿಲಿಗೆ ಹೋಗುತ್ತೇನೆ, ಬರುವಾಗ ಬೀದಿ ಮೂಲೆಯ ಅಂಗಡಿಯಲ್ಲಿ ಎರಡು ಮಾತಾಡಿ ಬರುತ್ತೇನೆ. ಅಲ್ಲಿಗೆ ಮನೆಯ ಬಣ್ಣ ಗೊತ್ತಾಗಿಬಿಡುತ್ತದೆ.

ಈ ಸಲ ನೋಡಬೇಕಾಗಿದ್ದುದು ಗಂಡಲ್ಲ, ಕಾಲೇಜು. ಸಿಂಚನಾ ಪಿಯುಸಿ ವಿಜ್ಞಾನ ಮುಗಿಸಿ, ಕಾಡು, ಹುಲ್ಲು, ನೀರು, ಮಣ್ಣು ಇವನ್ನು ಕಾಪಾಡುವ ಓದನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳ ಅಪ್ಪ ತಿಪ್ಪೇಸ್ವಾಮಿ ಹಾರ್ಡ್‌ವೇರ್ ಅಂಗಡಿಯವನು, ಅವಳಿಗೆ ನರ್ಸಿಂಗ್ ಸೀಟು ಮಾತಾಡಿಟ್ಟಿದ್ದ. ಮನೆಯಲ್ಲಿ ತಿಂಗಳಿಂದ ಇದೇ ಜಟಾಪಟಿ. ಕೊನೆಗೆ ಅವನೇ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತ.

"ಅಕ್ಕ, ನೀವೇ ಒಂದ್ಸಲ ನೋಡ್ಕಂಡು ಬರ್ರಿ. ಓದು ಚೆನ್ನಾಗಿರ್ಬೇಕು, ಫೀಸು ನನ್ ಕೈಗೆ ಎಟಕ್ಬೇಕು. ನೀವು ಹೂಂ ಅಂದ್ರೆ ಹೂಂ. ಬ್ಯಾಡ ಅಂದ್ರೆ ಶನಿವಾರ ನರ್ಸಿಂಗಿಗೆ ದುಡ್ಡು ಕಟ್ತೀನಿ."

ನಿಜ ಹೇಳಬೇಕೆಂದರೆ ನಾನು ಬೇಡ ಅನ್ನುವ ಮನಸ್ಸಿನಲ್ಲೇ ಬಸ್ಸು ಹತ್ತಿದ್ದೆ. ಮರ ನೋಡಲು ಕಾಲೇಜು ಯಾಕೆ ಬೇಕು ಎಂದು ನನಗೆ ಅರ್ಥವಾಗಿರಲಿಲ್ಲ. ಹೊಳಲ್ಕೆರೆಯಲ್ಲಿ ಖಾಸಗಿ ಬಸ್ಸುಗಳು ಕೂಗಿ ಕರೆದರೂ ಹತ್ತದೆ ಸರ್ಕಾರಿ ಬಸ್ಸಿಗೇ ಕಾದೆವು. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು, ಮೂವತ್ತು ಚಿಲ್ಲರೆ ಕಿಲೋಮೀಟರ್ ನಿಂತುಕೊಂಡೇ ಚಿತ್ರದುರ್ಗ ತಲುಪಿದೆವು. ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಸಿಂಚನಾ ಮೊಬೈಲಿನಲ್ಲಿ ಹುಡುಕಿಟ್ಟಿದ್ದ ಡಿಗ್ರಿ ಕಾಲೇಜಿಗೆ ನಡೆದೆವು.

ಗೋಡೆಯ ಸುಣ್ಣ ಉದುರಿತ್ತು. ಮುಂಭಾಗ ನೋಡಿ ನನಗೆ ಒಳಗೊಳಗೇ ಖುಷಿಯೇ ಆಯಿತು, ಬೇಡ ಅನ್ನಲು ಒಂದು ಕಾರಣ ಸಿಕ್ಕಿತಲ್ಲ ಎಂದು. ಅಭ್ಯಾಸದಂತೆ ಹಿಂದಕ್ಕೆ ಹೋದೆ. ಹಿಂದೆ ಒಂದು ಪುಟ್ಟ ತೋಟ. ನಮ್ಮ ಕಡೆಯ ಬೆಟ್ಟಗಳಲ್ಲಿ ಬೆಳೆಯುವ ಕಮರ, ಬಂದರಿಕೆ, ತಂಗಡಿ ಎಲ್ಲಕ್ಕೂ ತಗಡಿನ ಹೆಸರುಪಟ್ಟಿ ಕಟ್ಟಿದ್ದರು. ಬುಡಕ್ಕೆ ಆಗಷ್ಟೇ ನೀರು ಹಾಕಿದ್ದರು. ಸಸ್ಯಶಾಸ್ತ್ರದ ಮೇಡಂ ನಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಬೀರು ತೆಗೆದರು. ಹಳೆಯ ಪೇಪರಿನಲ್ಲಿ ಒತ್ತಿ ಒಣಗಿಸಿ ಹಾಳೆಗೆ ಹೊಲಿದಿದ್ದ ಗಿಡಗಳು, ಕೆಳಗೆ ಮಕ್ಕಳ ಕೈಬರಹ. ಹೌದು, ಸೂಜಿ ದಾರದಲ್ಲಿ ಹೊಲಿದದ್ದು. ಎಲೆ ಒಂದೂ ಹರಿಯದಂತೆ ಹಾಕಿದ್ದ ಸಣ್ಣ ಸಣ್ಣ ಟಾಕು ನೋಡಿ ನಾನು ದಂಗಾದೆ. ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರು ರೇಷ್ಮೆಗೂ ಅಷ್ಟು ಜೋಪಾನ ಮಾಡುವುದಿಲ್ಲ.

ಮೇಡಂ ಬಿಡಿಸಿ ಹೇಳಿದರು. ದಾರಿ ಎರಡು. ಒಂದು, ನಾಲ್ಕು ವರ್ಷದ ಅರಣ್ಯಶಾಸ್ತ್ರದ ಪದವಿ. ಅದು ಮಲೆನಾಡಿನ ಕಡೆಯ ಸರ್ಕಾರಿ ಕಾಲೇಜುಗಳಲ್ಲಿ, ಸಿಇಟಿ ರ‍್ಯಾಂಕಿನ ಮೇಲೆ ಸಿಗುತ್ತದೆ, ಹಾಸ್ಟೆಲ್ ಇದೆ. ಇನ್ನೊಂದು, ಇಲ್ಲೇ ಮೂರು ವರ್ಷ ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ಓದಿ ಆಮೇಲೆ ಎಂಎಸ್ಸಿಗೆ ಹೋಗುವುದು. ಇಲ್ಲಿಯ ವರ್ಷದ ಫೀಸು ಕೇಳಿ ನಾನು ಎರಡನೇ ಸಲ ಕೇಳಿದೆ. ಒಂದು ಮದುವೆ ಸೀಸನ್ನಿನಲ್ಲಿ ನನಗೆ ಬರುವ ಹೊಲಿಗೆ ಕೂಲಿಗಿಂತ ಕಡಿಮೆ.

"ರ‍್ಯಾಂಕ್ ನೋಡಿದ್ರೆ ಅರಣ್ಯಶಾಸ್ತ್ರ ಸಿಕ್ಕರೂ ಸಿಗಬಹುದು. ಅದನ್ನ ಓದಿದೋಳು ಒಬ್ಬಳು ಹೊಸದುರ್ಗದಲ್ಲಿದ್ದಾಳೆ, ನಂದಿನಿ ಅಂತ, ಗುಡ್ಡದ ಹುಲ್ಲು, ಗಿಡ ಲೆಕ್ಕ ಹಾಕೋ ಕೆಲಸ. ಮನೆಗೇ ಹೋಗಿ ಕೇಳಿ. ನೀವು ಬರ್ತೀರಿ ಅಂತ ಫೋನ್ ಮಾಡಿರ್ತೀನಿ" ಎಂದರು.

ಮಧ್ಯಾಹ್ನ ಹೆದ್ದಾರಿಯ ಬಸ್ಸು ಹಿಡಿದು ಹಿರಿಯೂರಿಗೆ ಬಂದೆವು. ಊರಾಚೆ ಒಂದು ಖಾಸಗಿ ಕಾಲೇಜಿನಲ್ಲೂ ಇಂಥದೇ ಕೋರ್ಸ್ ಇದೆಯೆಂದು ಸಿಂಚನಾ ಜಾಹೀರಾತು ನೋಡಿದ್ದಳು. ಒಳಗೆ ಕಾಲಿಟ್ಟರೆ ಗೋಡೆ ತುಂಬ ಹುಲಿಯ ಚಿತ್ರ, ಎಸಿ, ಕುಡಿಯಲು ಬಾದಾಮಿ ಹಾಲು. ಫೀಸು ಹೇಳುವಾಗ ಮಾತ್ರ ಆಫೀಸಿನ ಮನುಷ್ಯ ಚೀಟಿಯ ಮೇಲೆ ಬರೆದು ತಿರುಗಿಸಿ ತೋರಿಸಿದ. ಹಿಂದಕ್ಕೆ ಹೋಗಿ ನೋಡಿದೆ. ಗೇಟಿನವರೆಗೂ ಸಿಮೆಂಟ್ ಟೈಲ್ಸ್, ಹೆಸರಿಗೆ ಒಂದು ಗಿಡವಿಲ್ಲ. ಎದುರಿನ ಎಳನೀರು ಅಂಗಡಿಯ ಹೆಂಗಸು ನನ್ನ ಕೆಲಸವನ್ನು ಇನ್ನೂ ಹಗುರ ಮಾಡಿದಳು.

"ಮೇಷ್ಟ್ರು ಮೂರು ತಿಂಗ್ಳಿಗೊಬ್ರು ಬದ್ಲಾಗ್ತಾರೆ ಕಣಮ್ಮ. ಹುಡ್ರು ಇಲ್ಲೇ ನನ್ ಅಂಗಡಿ ಮುಂದೇನೆ ಕುಂತಿರ್ತವೆ."

ರಾತ್ರಿ ಆದಿವಾಲದಲ್ಲಿ ನನ್ನ ಚಿಕ್ಕಪ್ಪನ ಮಗಳ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಮಲಗಿದೆವು. ಮರುದಿನ ಬೆಳಿಗ್ಗೆ, ಹೊಸದುರ್ಗದ ದಾರಿಗೆ ಹತ್ತಿರವೇ ಅಲ್ಲವೇ ಎಂದು ಮಾರಿಕಣಿವೆಯಲ್ಲಿ ಇಳಿದೆವು. ಅಲ್ಲಿಯ ಅಣೆಕಟ್ಟನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ, ಆಗ ತಳದಲ್ಲಿ ಒಂದಿಷ್ಟು ನೀರಿತ್ತು. ಈಗ ಎರಡು ಬೆಟ್ಟದ ನಡುವೆ ಕಣ್ಣು ಹೋದಷ್ಟು ದೂರ ನೀರು. ಗಾಳಿಗೆ ಅಲೆಯೆದ್ದು ಕಲ್ಲಿಗೆ ಬಡಿಯುತ್ತಿತ್ತು. ನಮ್ಮ ಈ ಒಣ ಸೀಮೆಯಲ್ಲಿ ಇಷ್ಟು ನೀರು ಒಂದೇ ಕಡೆ ನಿಂತಿದೆಯಲ್ಲ ಎಂದು ನೋಡುತ್ತಾ ನಿಂತೆ. ಕೈ ತಾನಾಗಿ ಮುಗಿಯಿತು.

"ದೊಡ್ಡಮ್ಮ, ಈ ನೀರು ಇಲ್ಲಿ ಹುಟ್ಟಿದ್ದಲ್ಲ. ಮೇಲಿನ ಬೆಟ್ಟ, ದನ ಮೇಯೋ ಕಾವಲಿನ ಹುಲ್ಲು ಹಿಡ್ಕಂಡು ನಿಧಾನಕ್ಕೆ ಬಿಟ್ಟಿದ್ದು. ಹುಲ್ಲು ಹೋದ್ರೆ ಮಣ್ಣು ಬಂದು ಇಲ್ಲಿ ಕುಂತ್ಕಳುತ್ತೆ" ಎಂದಳು ಸಿಂಚನಾ.

ಮನೆಯಲ್ಲಿ ಮೂರು ಮಾತಿಗೆ ಒಂದು ಉತ್ತರ ಕೊಡುವ ಹುಡುಗಿ ಅಲ್ಲಿ ನಿಂತು ಬಾಯ್ತುಂಬ ಮಾತಾಡಿದಳು. ನನ್ನ 'ಬೇಡ' ಸ್ವಲ್ಪ ಸಡಿಲವಾದದ್ದು ಅಲ್ಲೇ.

ಹೊಸದುರ್ಗ ಮುಟ್ಟಿದಾಗ ಹನ್ನೆರಡು ದಾಟಿತ್ತು. ಮೊದಲ ಸಲ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ, ಎರಡು ಮೊಳ ಮಲ್ಲಿಗೆ ಕೊಂಡೆ. ನಂದಿನಿಯ ತಾಯಿ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಕೈಯ ಚೀಲ ನೋಡಿದ್ದೇ ಅವರ ಮುಖ ಅರಳಿತು.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ. ಮೇಡಂ ಫೋನ್ ಮಾಡಿ ಯಾರೋ ಬರ್ತಾರೆ ಅಂತ ಅಷ್ಟೇ ಹೇಳಿದ್ರು" ಎಂದು ಒಳಗೋಡಿದರು.

ಉಪ್ಪಿಟ್ಟು ಬಂತು, ಹಿಂದೆಯೇ ಕೇಸರಿಬಾತು. ನಾನು ಅಭ್ಯಾಸಬಲದಿಂದ ಕೇಳುತ್ತಾ ಹೋದೆ. ಮಗಳ ಕೆಲಸ ಕಾಯಂ ಏನು, ಸಂಬಳ ಎಷ್ಟು, ಓದಿಗೆ ಎಷ್ಟು ಖರ್ಚಾಯಿತು, ದೂರದಲ್ಲಿ ಒಬ್ಬಳೇ ಹೇಗಿದ್ದಳು. ಅವರು ಎಲ್ಲದಕ್ಕೂ ಒಂದಕ್ಕೆ ಎರಡು ಉತ್ತರ ಕೊಟ್ಟರು. ಅಷ್ಟರಲ್ಲಿ ಹಸಿರು ರೇಷ್ಮೆ ಸೀರೆಯುಟ್ಟ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಬಿಸಿಲಿಗೆ ಕಪ್ಪಾದ ಕೈ, ಮುಂಗೈ ತುಂಬ ಮುಳ್ಳಿನ ಗೀರು. ನಮ್ಮ ಮುಖ ನೋಡದೆ ಕಾಫಿ ಕೊಟ್ಟು ಚಾಪೆಯ ಮೇಲೆ ಕೂತಳು. ಏನೋ ಎಡವಟ್ಟಾಗಿದೆ ಎಂದು ನನಗೆ ಆಗ ಅನ್ನಿಸಿತು.

"ಹುಡುಗನ್ ಫೋಟೊ ತಂದಿದ್ರೆ ತೋರ್ಸ್ರಿ ಅಕ್ಕಾರೆ" ಎಂದರು ತಾಯಿ.

ನಾನು ಚೀಲಕ್ಕೆ ಕೈ ಹಾಕಿ ತೆಗೆದದ್ದು ಸಿಂಚನಾಳ ಅಂಕಪಟ್ಟಿ. "ಹುಡುಗ ಇಲ್ಲ ಕಣಮ್ಮ, ಇವಳಿಗೆ ಕಾಲೇಜು ಕೇಳೋಕೆ ಬಂದಿದ್ದು" ಎಂದೆ. ಅಷ್ಟಕ್ಕೇ ನಂದಿನಿ ನಗಲು ಶುರು ಮಾಡಿದಳು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸಿಂಚನಾಳೂ ಸೇರಿಕೊಂಡಳು. ತಾಯಿ ನಗಲಿಲ್ಲ. ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು.

"ಓದ್ಸಿದ್ದು ತಪ್ಪು ಅನ್ನಲ್ಲ ಅಕ್ಕಾರೆ. ಸರ್ಕಾರಿ ಕಾಲೇಜು, ನಮ್ಗೆ ಭಾರ ಆಗ್ಲಿಲ್ಲ. ಆದ್ರೆ ಬಂದೋರೆಲ್ಲ ಕೇಳದು ಒಂದೇ, ಮದುವೆ ಆದ್ಮೇಲೂ ಗುಡ್ಡ ತಿರುಗ್ತಾಳಾ ಅಂತ. ಇವಳು ಹೂಂ ಅಂತಾಳೆ. ಅವ್ರು ಎದ್ದು ಹೋಗ್ತಾರೆ."

ಹಾಗೆ ಎದ್ದು ಹೋಗುವವರ ಪೈಕಿಯವಳೇ ನಾನು ಎಂದು ಆಕೆಗೆ ಗೊತ್ತಿರಲಿಲ್ಲ. ಕೇಸರಿಬಾತಿನ ತಟ್ಟೆಯನ್ನು ಪಕ್ಕಕ್ಕಿಟ್ಟೆ.

ನಂದಿನಿ ಸೀರೆ ಬಿಚ್ಚಿಟ್ಟು ಪ್ಯಾಂಟು, ಬೂಟು ಹಾಕಿ ಬಂದಾಗ ಬೇರೆಯೇ ಹುಡುಗಿ. "ಬರ್ರಿ ದೊಡ್ಡಮ್ಮ, ಓದಿ ಏನ್ ಮಾಡ್ತೀನಿ ಅಂತ ಬಾಯಲ್ಲಿ ಹೇಳೋದ್ಯಾಕೆ, ಕಾವಲಿಗೇ ಹೋಗಾಣ" ಎಂದಳು. ಆಟೊ ಮಾಡಿಕೊಂಡು ಹೊರಟೆವು. ಗುಡ್ಡದ ಸಾಲಿನುದ್ದಕ್ಕೂ ಗಾಳಿಯ ಫ್ಯಾನುಗಳು ಬಿಳಿ ರೆಕ್ಕೆ ಬೀಸುತ್ತಿದ್ದವು. ಡಾಂಬರು ಮುಗಿದಲ್ಲಿ ಇಳಿದು ನಡೆದೆವು. ಹಿಂದಿನ ಕಾಲದಲ್ಲಿ ದನ ಮೇಯಲು ಬಿಟ್ಟಿದ್ದ ಕಾವಲು ಅದು. ಇಂಥವನ್ನು ಬಸ್ಸಿನಿಂದ ಎಷ್ಟೋ ಸಲ ನೋಡಿ, ಪಾಳು ಬಿದ್ದ ಜಾಗ ಎಂದುಕೊಂಡಿದ್ದೆ.

ನಂದಿನಿ ನಾಲ್ಕು ಕೋಲು ಜೋಡಿಸಿ ನೆಲದ ಮೇಲೆ ಒಂದು ಚೌಕ ಇಟ್ಟಳು. "ಇದ್ರೊಳಗೆ ಎಷ್ಟು ತರ ಹುಲ್ಲೈತೆ ಹೇಳ್ರಿ" ಎಂದಳು. ಹುಲ್ಲು ಹುಲ್ಲೇ ಅಲ್ಲವೇ ಎಂದು ಬಗ್ಗಿದೆ. ಒಂದರ ತೆನೆ ನೇರಳೆ, ಒಂದರದು ಬೆಳ್ಳಿ, ಒಂದಕ್ಕೆ ಸೀರೆಯ ಕುಚ್ಚಿನಂಥ ತುದಿ, ಮುಟ್ಟಿದರೆ ಒಂದು ಒರಟು, ಇನ್ನೊಂದು ಮಲ್ ಬಟ್ಟೆಯಷ್ಟು ನಯ. ಎಣಿಸುತ್ತಾ ಹೋದ ಹಾಗೆ ಹತ್ತು ದಾಟಿತು, ಮತ್ತೂ ಇತ್ತು. ತಲೆ ಎತ್ತಿ ನೋಡಿದೆ. ಅಂಥ ಚೌಕಗಳು ಗುಡ್ಡದ ತನಕ ಹಾಸಿಕೊಂಡಿದ್ದವು, ಗಾಳಿ ಬಂದಾಗಲೆಲ್ಲ ಅಷ್ಟೂ ಒಟ್ಟಿಗೆ ಬಾಗುತ್ತಿತ್ತು. ಐವತ್ತಾರು ವರ್ಷ ಇದರ ಪಕ್ಕದಲ್ಲೇ ಬದುಕಿ ಇದನ್ನು ನೋಡಿಯೇ ಇರಲಿಲ್ಲವಲ್ಲ ಎನ್ನಿಸಿ ಅಳು ಬಂದಂತಾಯಿತು.

ಸಿಂಚನಾ ನನ್ನ ಕೈ ಹಿಡಿದು ಅಮುಕಿದಳು. ನಂದಿನಿ ಬೆರಳಲ್ಲೇ ಸುಮ್ಮನಿರುವಂತೆ ಹೇಳಿದಳು. ದೂರದ ಕಲ್ಲಿನ ಪಕ್ಕ ಒಂದು ತೋಳ ನಿಂತಿತ್ತು. ನಾಯಿಗಿಂತ ಉದ್ದ ಕಾಲು, ಹುಲ್ಲಿನದೇ ಬಣ್ಣ. ಅದು ನಮ್ಮನ್ನು ನೋಡಿತು. ಹೆದರಲಿಲ್ಲ, ಹೆದರಿಸಲೂ ಇಲ್ಲ. ಅದರ ಮನೆಗೆ ನಾವು ಬಂದಿದ್ದೆವು, ಅಷ್ಟೇ. ಆಮೇಲೆ ತನ್ನ ಪಾಡಿಗೆ ಹುಲ್ಲಿನೊಳಗೆ ಹೋಯಿತು. ನನ್ನ ಮೈಯೆಲ್ಲ ಜುಮ್ಮೆಂದಿತ್ತು. ಸಿಂಚನಾಳ ಮುಖ ನೋಡಿದೆ. ಅಂಥ ಮುಖವನ್ನು ನಾನು ಯಾವ ನಿಶ್ಚಿತಾರ್ಥದಲ್ಲೂ ನೋಡಿಲ್ಲ.

ವಾಪಸು ನಡೆಯುವಾಗ ಅವಳು ಕೇಳಿದಳು. "ದೊಡ್ಡಮ್ಮ, ನಂದಿನಿ ಅಕ್ಕನ್ನ ಸೀರೆ ಉಡಿಸಿ ಕೂರ್ಸಿದ್ರಲ್ಲ, ಓದಿದ್ಮೇಲೆ ನನ್ನೂ ಹಂಗೇ ಕೂರ್ಸ್ತೀರಾ?" "ಮೊದ್ಲು ಬಸ್ಸು ಹಿಡಿಯಾಣ ಬಾ" ಎಂದು ಸೆರಗಿಗೆ ಅಂಟಿದ್ದ ಹುಲ್ಲಿನ ಮುಳ್ಳು ಕೀಳುತ್ತಾ ನಡೆದೆ.

ಹೊಳಲ್ಕೆರೆಯ ಸಂಜೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರು ದಾಟುತ್ತಿದ್ದಂತೆ ತಿಪ್ಪೇಸ್ವಾಮಿಯ ಫೋನ್ ಬಂತು. ಸಿಂಚನಾ ಬೆನ್ನು ತಿರುಗಿಸಿ, ಹಿಂದೆ ಸರಿಯುತ್ತಿದ್ದ ಗುಡ್ಡಗಳನ್ನೇ ನೋಡುತ್ತಾ ಕೂತಳು. ಅವಳ ಕಿವಿ ಎಲ್ಲಿತ್ತು ಎಂದು ನನಗೆ ಗೊತ್ತಿತ್ತು.

"ಏನಾತಕ್ಕ? ನಾಳೆ ದುಡ್ಡು ಕಟ್ಲಾ?"

"ಕಟ್ಬ್ಯಾಡ. ಹೂಂ ಅಂತಿದೀನಿ. ಸೀಟು ಸಿಕ್ರೆ ಅರಣ್ಯದ ಓದು, ಸಿಗ್ಲಿಲ್ಲ ಅಂದ್ರೆ ದುರ್ಗದ ಕಾಲೇಜು. ಎರಡೂ ನಿನ್ ಕೈಗೆ ಎಟಕ್ತವೆ, ಎರಡೂ ಓದು ಚೆನ್ನಾಗೈತೆ."

ಅವನ ಅಂಗಡಿಯಲ್ಲಿ ಯಾರೋ ಮೊಳೆ ಕೇಳುತ್ತಿದ್ದುದು ಕೇಳಿಸಿತು. "ಆತು ಅಕ್ಕ. ಆದ್ರೆ ನಾಳೆ ಇವಳನ್ನ ಯಾರಾದ್ರೂ ನೋಡಾಕೆ ಬಂದ್ರೆ, ಉತ್ತರ ಹೇಳೋರು ನೀವೇ. ನೆನಪಿರ್ಲಿ."

"ಹೇಳ್ತೀನಿ ಬಿಡು" ಎಂದೆ, ಪಕ್ಕದವಳಿಗೂ ಕೇಳುವಷ್ಟು ಗಟ್ಟಿಯಾಗಿ. "ಹುಡುಗಿ ಮನೇಲಿಲ್ಲ, ಕಾವಲಲ್ಲಿ ಕೆಲಸ ಮಾಡ್ತಾ ಇದಾಳೆ, ನೋಡೋ ಆಸೆ ಇದ್ರೆ ಅಲ್ಲಿಗೇ ನಡ್ಕಂಡ್ ಬರ್ಲಿ ಅಂತ ಹೇಳ್ತೀನಿ."