ನಾಚಿಕೆಯಿಲ್ಲದ ಪೆಟ್ಟಿಗೆ

ಯೋಗ್ಯಕರ್ತ ಊರಿನ ಬು ಲಸ್ತಿನಾ, ಅಂದರೆ ಲಸ್ತಿನಮ್ಮ, ಹುಟ್ಟಿದಾಗಿನಿಂದ ಯಾರಿಗೂ ‘ಬೇಡ’ ಅಂದವರಲ್ಲ. ಜಾವಾದ ಮರ್ಯಾದಸ್ಥ ಹೆಂಗಸು ಹಾಗನ್ನುವುದುಂಟೆ? ಏನು ಕೇಳಿದರೂ ‘ಇಂಗ್ಗಿಹ್’ ಅನ್ನಬೇಕು. ಅದಕ್ಕೆ ಹೌದು ಅಂತಲೂ ಅರ್ಥ, ಕೇಳಿಸಿತು ಅಂತಲೂ ಅರ್ಥ. ಯಾವುದೆಂದು ಎದುರಿನವರೇ ಮುಖ ನೋಡಿ ತಿಳಿಯಬೇಕು.

ಅವರ ಮನೆಯ ರೂಮುಗಳಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿಗಳಲ್ಲಿ ಪಾರ್ಲಿನ್ ಒಬ್ಬ, ಸುಮಾತ್ರದ ನೇರಮಾತಿನ ಬತಕ್ ಜನದ ಹುಡುಗ. ಮುಖ ಓದುವ ವಿದ್ಯೆ ಅವನಿಗೆಲ್ಲಿ ಬರಬೇಕು! “ಅಮ್ಮಾ, ನಿಮ್ಮ ಫೋನ್ ಲೈನಲ್ಲೇ ಎಲ್ಲಾ ರೂಮಿಗೂ ಇಂಟರ್ನೆಟ್ ಹಂಚ್ಲಾ? ಬಿಲ್ಲು ನಮ್ದೇ” ಅಂದ. ಬು ಲಸ್ತಿನಾ ಮನಸ್ಸಿಲ್ಲದೆ ‘ಇಂಗ್ಗಿಹ್’ ಅಂದರು. ಅವತ್ತೇ ಮೆಟ್ಟಿಲ ಕೆಳಗೆ ಪರದೆಯಿಲ್ಲದ ಹಳೇ ಕಂಪ್ಯೂಟರ್ ಬಂದು ಕೂತಿತು. ಹುಡುಗ ಅದಕ್ಕೆ ಲಿನಕ್ಸ್ ಹಾಕಿ, ಒಂದೇ ಲೈನನ್ನು ಎಲ್ಲಾ ರೂಮಿಗೂ ಹಂಚುವ ರೌಟರ್ ಮಾಡಿದ್ದ.

ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾದರೆ, ಆ ಪೆಟ್ಟಿಗೆ ಡಯಲ್ ಮಾಡುವಾಗಿನ ಮೋಡೆಮ್ಮಿನ ಸಿಳ್ಳೆ ಅರೆನಿದ್ದೆಯೊಳಗೆ ಇಳಿಯುತ್ತಿತ್ತು. ನೀರು ತುಂಬಿದ ಗದ್ದೆಯಾಚೆ ಯಾರೋ ತನ್ನನ್ನೇ ಕರೆದಂತೆ, ಬದುವಿನ ಮೇಲೆ ತಾನು ಬರಿಗಾಲಲ್ಲಿ ನಡೆದಂತೆ. ಕನಸಲ್ಲಿ ಕರೆಯುತ್ತಿದ್ದವರು ಹರ್ಜೊ, ಸೋಲೊ ಊರಿನ ನಿವೃತ್ತ ರೈಲ್ವೆ ಗಾರ್ಡು. ಅವರೂ ಒಂಟಿ, ಇವರೂ ಒಂಟಿ. “ಮುಂದಿನ ಸಲ ಫೋನ್ ಮಾಡ್ದಾಗ ಒಂದು ಮಾತು ಕೇಳ್ತೀನಿ” ಅಂತ ಹಿಂದಿನ ಸಲ ಫೋನಲ್ಲಿ ಅಂದಿದ್ದರು. ಎಚ್ಚರವಾದರೆ ಗದ್ದೆಯಿಲ್ಲ, ಅವರ ಫೋನೂ ಬಂದಿಲ್ಲ. ಆಸೆಯಿಂದ ಕಾದು ಕಾದು ಬು ಲಸ್ತಿನಾ ಸೊರಗಿದರು.

ಒಂದು ದಿನ ಹರ್ಜೊ ಅವರ ತಂಗಿ ಸಂತೆಯಲ್ಲಿ ಸಿಕ್ಕಳು. “ನಿಮ್ಮ ಲೈನು ಯಾವಾಗ್ಲೂ ಎಂಗೇಜು ಅಕ್ಕಾ. ‘ರಿಸೀವರ್ ಪಕ್ಕಕ್ಕೆ ಎತ್ತಿಟ್ಟು ಎಷ್ಟು ನಾಜೂಕಾಗಿ ಬೇಡ ಅಂದ್ರು ನೋಡು’ ಅಂತ ಅಣ್ಣ ಹೊಗಳ್ತಾನೇ ಇದ್ದ. ಊಟಾನೇ ಬಿಟ್ಟಿದ್ದಾನೆ.”

ಬು ಲಸ್ತಿನಾ ಸಂತೆಯನ್ನು ಅರ್ಧಕ್ಕೇ ಬಿಟ್ಟರು. ಮನೆಗೆ ಬಂದವರೇ ಪಾರ್ಲಿನ್‌ನನ್ನು ಕರೆದರು.

“ಆ ನಿನ್ನ ಪೆಟ್ಟಿಗೆ ಯಾವಾಗ ನೋಡಿದ್ರೂ ಮಾತಾಡ್ತಿರತ್ತಲ್ಲ, ಯಾಕೋ?”

“ಯಾವ ರೂಮಿನವ್ರಿಗೆ ಇಂಟರ್ನೆಟ್ ಬೇಕಾದ್ರೂ ಅದೇ ಡಯಲ್ ಮಾಡಿ ಫೋನ್ ಲೈನು ಹಿಡ್ಕೊಳತ್ತೆ ಅಮ್ಮಾ.”

“ಆ ಕಡೆಯವ್ರು ಕರೀಲಿ ಅಂತ ಕಾಯೋದಿಲ್ವಾ?”

“ಬೇಕು ಅಂದ್ಮೇಲೆ ಕಾಯೋದ್ಯಾಕೆ?”

“ನಾಚಿಕೆಯಿಲ್ಲದ್ದು” ಎಂದು ಬೈದರು. ಆದರೆ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು. ಆಮೇಲೆ ನೆಟ್ಟಗೆ ಅಂದರು: “ತೆಗಿ ಅದನ್ನ. ನನ್ನ ಲೈನು ಕೊಡಲ್ಲ.”

ಹುಡುಗ ಬೆಪ್ಪಾಗಿ ತಂತಿ ಕಿತ್ತ. ಬು ಲಸ್ತಿನಾ ಸೋಲೊದ ನಂಬರು ಒತ್ತಿದರು.

“ನಾನು ಲಸ್ತಿನಾ. ನೀವೇನೂ ಕೇಳೋದು ಬೇಡ.”

“ಇಂಗ್ಗಿಹ್” ಅಂದಿತು ಆ ಕಡೆಯ ದನಿ.

“ನಾನೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

“ಮೊದ್ಲು ಫೋನ್ ಇಡಿ” ಅಂದರು ಹರ್ಜೊ. “ಈಗ್ಲೇ ನಿಮ್ಮೂರಿಗೆ ಒಂದು ರೈಲುಗಾಡಿ ಇದೆ, ತಪ್ಪಿಹೋಗತ್ತೆ.”